ರಿಯಾಯಿತಿ ಎಂಬ ಸುಳ್ಳು ಶಬ್ದ



ನಮ್ಮ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಸುತ್ತೋಲೆಗಳಲ್ಲಿ ಒಂದು ಶಬ್ದ ಬಹುಕಾಲದಿಂದ ಬೀಡುಬಿಟ್ಟಿದೆ. ಅದು ‘ರಿಯಾಯಿತಿ’. ಅಂಗವಿಕಲ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ರಿಯಾಯಿತಿ, ಅಂಧ ಅಭ್ಯರ್ಥಿಗಳಿಗೆ ಸಮಯದ ರಿಯಾಯಿತಿ ಎಂದು ಬರೆಯುವ ಗುಮಾಸ್ತರಿಗೂ, ಅದಕ್ಕೆ ಸಹಿ ಹಾಕುವ ಅಧಿಕಾರಿಗಳಿಗೂ, ಅದನ್ನು ಸೂಚನಾ ಫಲಕಕ್ಕೆ ಅಂಟಿಸುವ ಸಿಪಾಯಿಗೂ ಆ ಶಬ್ದದಲ್ಲಿ ಯಾವ ದೋಷವೂ ಕಾಣುವುದಿಲ್ಲ. ದೀಪಾವಳಿಗೆ ಹುಬ್ಬಳ್ಳಿಯ ಬಟ್ಟೆ ಅಂಗಡಿಯವರು ಕೊಡುವುದು ರಿಯಾಯಿತಿ. ಅದು ಅಂಗಡಿಯವನ ಮರ್ಜಿಗೆ ಬಿಟ್ಟದ್ದು. ಕೊಟ್ಟರೆ ಉಪಕಾರ, ಕೊಡದಿದ್ದರೆ ಜಗಳ ತೆಗೆಯುವಂತಿಲ್ಲ. ಕಣ್ಣು ಕಾಣದ, ಕಿವಿ ಕೇಳದ ಅಥವಾ ಕೈ ಓಡದ ವಿದ್ಯಾರ್ಥಿಗೆ ನ್ಯಾಯವಾಗಿ ಸಲ್ಲಬೇಕಾದ ಸಮಯವನ್ನೂ ಸಹಾಯವನ್ನೂ ಇದೇ ಶಬ್ದದಿಂದ ಕರೆದುದರಿಂದಲೇ, ಅದನ್ನು ಕೊಡುವವರಿಗೆ ದಾನಿಯ ಠೀವಿಯೂ ಕೇಳುವವರಿಗೆ ಭಿಕ್ಷುಕನ ಸಂಕೋಚವೂ ಬಂದಿವೆ. ಈ ಶಬ್ದ ಸುಳ್ಳು ಎಂಬುದೂ, ಈ ಸುಳ್ಳಿನಿಂದ ನಮ್ಮ ಹಳ್ಳಿಗಳ ಮಕ್ಕಳ ಪದವಿಗಳು ಮಣ್ಣುಪಾಲಾಗುತ್ತಿವೆ ಎಂಬುದೂ ಈ ಲೇಖನದ ವಾದ.

ಹೆಸರು ಬದಲಿಸುವುದರಲ್ಲಿ ನಾವು ಯಾರಿಗೂ ಹಿಂದೆ ಬಿದ್ದವರಲ್ಲ. ಕುರುಡ, ಕುಂಟ ಎಂಬ ಮಾತುಗಳನ್ನು ಬಿಟ್ಟು ‘ಅಂಗವಿಕಲ’ ಎಂದೆವು. ಅದೂ ನೋಯಿಸುತ್ತದೆಂದು ‘ವಿಕಲಚೇತನ’ ಎಂದೆವು. ‘ವಿಶೇಷಚೇತನ’ ಬಂದಿತು. ೨೦೧೫ರ ಡಿಸೆಂಬರಿನಲ್ಲಿ ದೆಹಲಿಯಿಂದ ‘ದಿವ್ಯಾಂಗ’ ಬಂದಿತು. ಫಲಕಗಳನ್ನು ಬರೆಯುವ ಪೇಂಟರನಿಗೆ ಇದರಿಂದ ಕೆಲಸ ಸಿಕ್ಕಿರಬಹುದು. ಪರೀಕ್ಷಾ ಕೊಠಡಿ ಮಾತ್ರ ಮೊದಲ ಮಹಡಿಯಲ್ಲೇ ಉಳಿಯಿತು, ಪ್ರಶ್ನೆಪತ್ರಿಕೆ ಅದೇ ಸಣ್ಣ ಅಕ್ಷರಗಳಲ್ಲೇ ಉಳಿಯಿತು, ಬಾಗಿಲಲ್ಲಿ ನಿಂತ ಮೇಲ್ವಿಚಾರಕರ ಹುಬ್ಬುಗಂಟೂ ಹಾಗೆಯೇ ಉಳಿಯಿತು. ಮನುಷ್ಯನ ಹೆಸರನ್ನು ನಾಲ್ಕು ಸಲ ತಿದ್ದಿದವರು ಅವನಿಗೆ ಸಲ್ಲಬೇಕಾದುದರ ಹೆಸರನ್ನು ಒಮ್ಮೆಯೂ ತಿದ್ದಲಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ಹಿಂದೆ ನಮ್ಮ ಊರುಗಳಲ್ಲಿ ಎಣ್ಣೆ ಕೊಳ್ಳಲು ಅಂಗಡಿಗೆ ಪಾತ್ರೆ ಒಯ್ಯುತ್ತಿದ್ದುದು ಹಿರಿಯರಿಗೆ ನೆನಪಿರಬೇಕು. ಒಬ್ಬಳು ಹಗುರಾದ ಡಬ್ಬಿ ತರುತ್ತಿದ್ದಳು, ಇನ್ನೊಬ್ಬಳು ಹಿತ್ತಾಳೆಯ ತಂಬಿಗೆ ತರುತ್ತಿದ್ದಳು. ಅಂಗಡಿಯವನು ಮೊದಲು ಬರಿಯ ಪಾತ್ರೆಯನ್ನು ತಕ್ಕಡಿಯಲ್ಲಿಟ್ಟು, ಎದುರು ತಟ್ಟೆಯಲ್ಲಿ ಕಲ್ಲಿಟ್ಟು ಸಮ ಮಾಡಿಕೊಂಡು, ಆಮೇಲೆ ಎಣ್ಣೆ ತೂಗುತ್ತಿದ್ದನು. ಹಾಗೆ ಮಾಡದೆ, ‘ನನಗೆ ಎಲ್ಲರೂ ಸಮಾನರು, ಪಾತ್ರೆ ಸಹಿತ ಎಲ್ಲರಿಗೂ ಒಂದೇ ಕಿಲೋ’ ಎಂದಿದ್ದರೆ ತಂಬಿಗೆಯವಳಿಗೆ ಅರ್ಧ ಎಣ್ಣೆಯೂ ಸಿಗುತ್ತಿರಲಿಲ್ಲ. ಪಾತ್ರೆಯ ಭಾರವನ್ನು ಮೊದಲೇ ಸಮ ಮಾಡಿದ್ದನ್ನು ಯಾರೂ ಆಕೆಗೆ ತೋರಿದ ರಿಯಾಯಿತಿ ಎನ್ನಲಿಲ್ಲ. ಅದಕ್ಕೆ ಸರಿಯಾದ ತೂಕ ಎಂದರು. ಹಾಗೆ ಮಾಡದವನನ್ನು ಕಳ್ಳತೂಕದವನೆಂದರು.

‘ಎಲ್ಲರಿಗೂ ಮೂರು ಗಂಟೆ’ ಎನ್ನುವ ವಿಶ್ವವಿದ್ಯಾಲಯವು ಪಾತ್ರೆ ಸಹಿತ ತೂಗುವ ಅಂಗಡಿಯವನಂತೆಯೇ. ಕಣ್ಣಿರುವ ಹುಡುಗನು ಪ್ರಶ್ನೆಪತ್ರಿಕೆಯ ಮೇಲೆ ಒಂದು ಸಲ ಕಣ್ಣಾಡಿಸಿ ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎಂದು ಎರಡು ನಿಮಿಷದಲ್ಲಿ ತೀರ್ಮಾನಿಸುತ್ತಾನೆ. ಅಂಧ ವಿದ್ಯಾರ್ಥಿಗೆ ಇಡೀ ಪತ್ರಿಕೆಯನ್ನು ಇನ್ನೊಬ್ಬರು ಓದಿ ಹೇಳಬೇಕು. ಐದನೆಯ ಪ್ರಶ್ನೆ ಕೇಳುವಷ್ಟರಲ್ಲಿ ಮೊದಲನೆಯದು ಮರೆತಿದ್ದರೆ ಮತ್ತೆ ಓದಿಸಬೇಕು. ಉತ್ತರವನ್ನು ಬಾಯಿಂದ ಹೇಳಬೇಕು, ಬರೆಯುವವನ ಕೈಯ ವೇಗಕ್ಕೆ ತನ್ನ ಯೋಚನೆಯನ್ನು ಕಟ್ಟಿಹಾಕಬೇಕು, ಪಾರಿಭಾಷಿಕ ಪದ ಬಂದಾಗ ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಬೇಕು. ಹಿಂದಿನ ಪುಟದಲ್ಲಿ ಏನು ಬರೆಸಿದೆನೆಂದು ತಿಳಿಯಬೇಕಾದರೆ ‘ಸ್ವಲ್ಪ ಓದಪಾ’ ಎಂದು ಕೇಳಬೇಕು. ಇಷ್ಟೂ ಕಾಲ ಪಾತ್ರೆಯ ಭಾರ. ಅದನ್ನು ಮೊದಲು ಸಮ ಮಾಡಿದರೆ ಮಾತ್ರ ಅವನಿಗೂ ಉಳಿದವರಿಗೂ ಯೋಚಿಸಲು ಸಿಗುವ ಸಮಯ ಒಂದೇ ಆಗುತ್ತದೆ.

ಬಿ.ಇಡಿ. ಓದಿದ ಎಲ್ಲರಿಗೂ ಮೌಲ್ಯಮಾಪನದ ಪಾಠದಲ್ಲಿ ‘ಸಪ್ರಮಾಣತೆ’ ಎಂಬ ಮಾತು ಬರುತ್ತದೆ. ಯಾವುದನ್ನು ಅಳೆಯಲು ಪರೀಕ್ಷೆ ಮಾಡಿದ್ದೇವೆಯೋ ಅದನ್ನೇ ಆ ಪರೀಕ್ಷೆ ಅಳೆಯಬೇಕು ಎಂಬುದು ಅದರ ಅರ್ಥ. ಅರ್ಥಶಾಸ್ತ್ರದ ಪತ್ರಿಕೆ ಅರ್ಥಶಾಸ್ತ್ರವನ್ನು ಅಳೆಯಬೇಕು. ರೆಟಿನಾವನ್ನು ಅಳೆಯಲು ಕಣ್ಣಿನ ಡಾಕ್ಟರರಿದ್ದಾರೆ. ಈ ಪಾಠವನ್ನು ಓದಿ ಅಂಕ ಪಡೆದವರೇ ಮುಂದೆ ಪರೀಕ್ಷಾ ವಿಭಾಗಗಳಲ್ಲಿ ಕುಳಿತು ಅದನ್ನು ಮರೆಯುವುದು ನನಗೆ ತಿಳಿಯದ ಒಗಟು.

ಕಾಯಿದೆ ಇಲ್ಲವೆಂದು ಯಾರೂ ಹೇಳುವಂತಿಲ್ಲ. ೧೯೯೫ರ ಅಧಿನಿಯಮದಲ್ಲಿ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ ೩ರ ಮೀಸಲಾತಿ ಇತ್ತು. ಭಾರತವು ೨೦೦೭ರಲ್ಲಿ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಅದಕ್ಕೆ ಹೊಂದುವಂತೆ ರಚಿತವಾದ ೨೦೧೬ರ ಅಂಗವಿಕಲರ ಹಕ್ಕುಗಳ ಅಧಿನಿಯಮ ೨೦೧೭ರ ಏಪ್ರಿಲ್ ೧೯ರಿಂದ ಜಾರಿಯಲ್ಲಿದೆ. ಅದು ೨೧ ಬಗೆಯ ವೈಕಲ್ಯಗಳನ್ನು ಗುರುತಿಸಿತು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ ೫ಕ್ಕೆ ಕಡಿಮೆಯಿಲ್ಲದಂತೆ ಸ್ಥಾನಗಳನ್ನು ಕಾಯ್ದಿರಿಸಬೇಕೆಂದಿತು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಲಿಪಿಕಾರರ ಸೌಲಭ್ಯ, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಇವುಗಳನ್ನು ಹೆಸರಿಸಿಯೇ ಹೇಳಿತು. ಇವೆಲ್ಲಕ್ಕಿಂತ ಮುಖ್ಯವಾಗಿ, ಅಂಗವಿಕಲರಿಗೆ ಅವಶ್ಯವಾದ ಸೂಕ್ತ ಹೊಂದಾಣಿಕೆಯನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ವ್ಯಾಖ್ಯೆ ಮಾಡಿತು. ಬಾಗಿಲಲ್ಲಿ ತಡೆದು ನಿಲ್ಲಿಸಿದರೆ ಮಾತ್ರ ತಾರತಮ್ಯವೆಂದು ತಿಳಿದವರು ಈ ಸಾಲನ್ನು ಎರಡು ಸಲ ಓದಬೇಕು.

೨೦೧೮ರ ಆಗಸ್ಟ್ ೨೯ರಂದು ಕೇಂದ್ರ ಸರ್ಕಾರ ಲಿಖಿತ ಪರೀಕ್ಷೆಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಗಂಟೆಗೆ ೨೦ ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚುವರಿ ಸಮಯ ಕೊಡಬೇಕೆಂದು, ಅಂದರೆ ಮೂರು ಗಂಟೆಯ ಪತ್ರಿಕೆಗೆ ನಾಲ್ಕು ಗಂಟೆ ಸಿಗಬೇಕೆಂದು ಅದು ಹೇಳಿತು. ಆ ಸಮಯವನ್ನು ‘ಹೆಚ್ಚಿನ ಸಮಯ’ ಎನ್ನದೆ ‘ಪರಿಹಾರ ಸಮಯ’ ಎಂಬ ಅರ್ಥದ ಮಾತಿನಿಂದ ಕರೆಯಬೇಕೆಂದೂ ಹೇಳಿತು. ನೋಡಿ, ಶಬ್ದದ ಮಹತ್ವ ದೆಹಲಿಯವರಿಗೆ ತಿಳಿದಿತ್ತು. ನಮ್ಮ ಸೂಚನಾ ಫಲಕಗಳಿಗೆ ಅದು ಇಳಿದು ಬರಲಿಲ್ಲ. ಪರೀಕ್ಷೆ ನಡೆಸುವ ಸಂಸ್ಥೆಗಳು ಲಿಪಿಕಾರರ ಪಟ್ಟಿ ಇಟ್ಟುಕೊಳ್ಳಬೇಕು, ತುರ್ತು ಸಂದರ್ಭದಲ್ಲಿ ಲಿಪಿಕಾರರನ್ನು ಬದಲಿಸಲು ಅವಕಾಶವಿರಬೇಕು ಎಂಬ ಮಾತುಗಳೂ ಅದರಲ್ಲಿದ್ದವು. ಈ ಕೊನೆಯ ಅಂಶವನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು, ಏಕೆಂದರೆ ಈಗ ಹೇಳಲಿರುವ ಸಂಗತಿ ಅದಕ್ಕೆ ಸಂಬಂಧಿಸಿದ್ದು.

ನಮ್ಮ ಭಾಗದ ಒಬ್ಬ ವಿದ್ಯಾರ್ಥಿನಿ, ನನ್ನ ತರಗತಿಯಲ್ಲಿ ಮೂರು ವರ್ಷ ಕುಳಿತವಳು, ಮಂದದೃಷ್ಟಿಯವಳು. ಪುಸ್ತಕವನ್ನು ಮೂಗಿಗೆ ತಾಗಿಸಿದರೂ ಅಕ್ಷರಗಳು ಆಕೆಗೆ ಇರುವೆಗಳ ಸಾಲಿನಂತೆ ಕಾಣುತ್ತಿದ್ದವು. ಕಿವಿಯಿಂದ ಕಲಿತಳು. ಎಸ್ಸೆಸ್ಸೆಲ್ಸಿಯಲ್ಲಿ ಕೆಳಗಿನ ತರಗತಿಯ ಹುಡುಗಿ ಬರೆದುಕೊಟ್ಟಳು. ಪ್ರಥಮ ದರ್ಜೆ ಬಂದಿತು. ಪಿಯುಸಿಯೂ ಹಾಗೆಯೇ ಆಯಿತು. ಮುಂದೆ ಪಟ್ಟಣದ ಒಂದು ಪದವಿ ಕಾಲೇಜಿಗೆ ಬಿ.ಎ.ಗೆ ಸೇರಿದಳು. ಇದು ನಡೆದದ್ದು ಮೇಲೆ ಹೇಳಿದ ಮಾರ್ಗಸೂಚಿ ಬಂದ ಮೇಲೆ. ಐದನೆಯ ಸೆಮಿಸ್ಟರಿನ ಅರ್ಥಶಾಸ್ತ್ರ ಪತ್ರಿಕೆಯ ದಿನ ಬೆಳಿಗ್ಗೆ, ಬರೆಯಬೇಕಾಗಿದ್ದ ಹುಡುಗಿಗೆ ಜ್ವರ ಬಂದಿತು. ಇವಳು ಎದೆಗುಂದದೆ, ಪಿಯುಸಿ ಓದುತ್ತಿದ್ದ ತನ್ನ ಚಿಕ್ಕಪ್ಪನ ಮಗಳನ್ನು ಕರೆದುಕೊಂಡು ಎರಡು ಬಸ್ಸು ಬದಲಿಸಿ ಸಮಯಕ್ಕೆ ಸರಿಯಾಗಿ ಹೋದಳು. ಕಚೇರಿಯವರು, ಅನುಮತಿ ಪತ್ರದಲ್ಲಿರುವ ಹೆಸರು ಬೇರೆ, ಬಂದಿರುವ ಹುಡುಗಿ ಬೇರೆ, ವಿಶ್ವವಿದ್ಯಾಲಯದ ಪತ್ರ ತನ್ನಿ ಎಂದರು. ಪರೀಕ್ಷೆಗೆ ಇನ್ನು ಇಪ್ಪತ್ತು ನಿಮಿಷವಿತ್ತು. ಇವಳನ್ನು ಒಳಗೆ ಕೂರಿಸಿದರು. ಬರೆಯುವವಳನ್ನು ಹೊರಗೆ ನಿಲ್ಲಿಸಿದರು. ಉತ್ತರಪತ್ರಿಕೆಯ ಮೇಲೆ ತನ್ನ ನೋಂದಣಿ ಸಂಖ್ಯೆಯನ್ನು ತಡಕಾಡಿ ಬರೆದು ಅರ್ಧ ಗಂಟೆಯ ನಂತರ ಎದ್ದು ಬಂದಳು.

ಫಲಿತಾಂಶದಲ್ಲಿ ಆ ಪತ್ರಿಕೆಗೆ ‘ಅನುತ್ತೀರ್ಣ’ ಎಂದು ಬಂದಿತು. ಒಂದು ಸಲ ಮರುಪರೀಕ್ಷೆಗೆ ಅರ್ಜಿ ಹಾಕಿದಳು. ಆ ಸಲ ಬರೆಯುವವರೇ ಸಿಗಲಿಲ್ಲ. ತಂದೆ ಕೂಲಿ ಕೆಲಸದವನು, ಇಷ್ಟು ಸಾಕೆಂದನು. ಆ ಪದವಿ ಇಂದಿಗೂ ಪೂರ್ಣವಾಗಿಲ್ಲ. ಆಕೆ ನನ್ನೆದುರು ಹೇಳಿದ ಮಾತು ಹೀಗಿತ್ತು: “ಸರ, ನಾ ಬರೀಲಾರದ್ದಕ್ಕ ನಪಾಸ ಆಗಲಿಲ್ರಿ. ನನ್ನ ಬರೀಲಿಕ್ಕೇ ಬಿಡಲಿಲ್ರಿ.”

ಆ ಕಾಲೇಜಿನ ಹೆಸರು ನಾನು ಹೇಳುವುದಿಲ್ಲ. ಹೆಸರು ಹೇಳಿದರೆ ಉಳಿದವರೆಲ್ಲ ತಾವು ಅಂಥವರಲ್ಲವೆಂದು ನಿಟ್ಟುಸಿರು ಬಿಡುತ್ತಾರೆ. ಅಲ್ಲಿದ್ದವರು ಕ್ರೂರಿಗಳೂ ಅಲ್ಲ. ನಿಯಮ ಮೀರಿದರೆ ತಮ್ಮ ಕುತ್ತಿಗೆಗೆ ಬಂದೀತೆಂದು ಅಂಜಿದವರು, ಅಷ್ಟೆ. ಆದರೆ ಯಾವ ನಿಯಮಕ್ಕೆ ಅವರು ಅಂಜಿದರೋ ಅದಕ್ಕಿಂತ ದೊಡ್ಡ ನಿಯಮ, ತುರ್ತಿನಲ್ಲಿ ಲಿಪಿಕಾರರನ್ನು ಬದಲಿಸಲು ಬಿಡಿ ಎಂಬ ನಿಯಮ, ಅವರ ಕಪಾಟಿನಲ್ಲೇ ಇತ್ತು. ರಿಯಾಯಿತಿಯೆಂದು ತಿಳಿದುದನ್ನು ಕೊಡದಿದ್ದರೆ ಯಾರೂ ಪ್ರಶ್ನಿಸುವುದಿಲ್ಲ ಎಂಬ ಧೈರ್ಯ ಅವರಿಗಿತ್ತು. ಹಕ್ಕೆಂದು ತಿಳಿದಿದ್ದರೆ, ಕೊಡದಿರುವುದಕ್ಕೇ ಅಂಜುತ್ತಿದ್ದರು.

ಲಿಪಿಕಾರರನ್ನು ಹುಡುಕುವ ಹೊಣೆಯನ್ನು ವಿದ್ಯಾರ್ಥಿಯ ತಲೆಗೆ ಕಟ್ಟುವುದೇ ಮೊದಲ ಅನ್ಯಾಯ. ಪರೀಕ್ಷೆಗೆ ಬೆಂಚನ್ನು ವಿದ್ಯಾರ್ಥಿ ತರಬೇಕೆಂದು ಯಾವ ಕಾಲೇಜೂ ಹೇಳುವುದಿಲ್ಲ. ಉತ್ತರಪತ್ರಿಕೆಯನ್ನು ಅವನೇ ಮುದ್ರಿಸಿಕೊಂಡು ಬರಲಿ ಎನ್ನುವುದಿಲ್ಲ. ಬರೆಯುವ ಕೈಯನ್ನು ಮಾತ್ರ ಮನೆಯಿಂದ ತರಬೇಕು! ನಗರದಲ್ಲಿ ಅಕ್ಕಪಕ್ಕದ ಮನೆಗಳಲ್ಲಿ ಓದುವ ಮಕ್ಕಳಿರುತ್ತಾರೆ, ಸ್ವಯಂಸೇವಾ ಸಂಸ್ಥೆಗಳೂ ಇರುತ್ತವೆ. ನಮ್ಮ ಕಲಘಟಗಿ ಸೀಮೆಯ ಹಳ್ಳಿಯ ಹುಡುಗಿ ಯಾರನ್ನು ಹುಡುಕಬೇಕು? ೨೦೧೮ರ ಮಾರ್ಗಸೂಚಿಯಂತೆ ಸ್ವಂತ ಲಿಪಿಕಾರರು ಅಭ್ಯರ್ಥಿಗಿಂತ ಒಂದು ಹಂತ ಕಡಿಮೆ ಓದಿದವರಾಗಿರಬೇಕಿತ್ತು. ಅಂಥ ಮಕ್ಕಳಿಗೂ ಅದೇ ಹೊತ್ತಿಗೆ ತಮ್ಮ ಪರೀಕ್ಷೆಗಳಿರುತ್ತವೆ. ಪರೀಕ್ಷೆಯಿಲ್ಲದಿದ್ದರೆ ಸೋಯಾಬೀನ್ ಕೊಯ್ಲು, ಗೋವಿನಜೋಳದ ರಾಶಿ ಇರುತ್ತವೆ. ಆರು ಸೆಮಿಸ್ಟರುಗಳಿಗೆ ಆರಾರು ಪತ್ರಿಕೆಗಳೆಂದು ಲೆಕ್ಕ ಹಿಡಿದರೂ ಮೂವತ್ತಾರು ದಿನ. ಪ್ರತಿ ದಿನ ಜೊತೆಯವಳ ಬಸ್ ಚಾರ್ಜು, ಊಟ, ತಪ್ಪಿಹೋದ ಕೂಲಿ. ಒಂದು ಪದವಿಗೆ ಎರಡು ಜನರ ಖರ್ಚು. ಬಡವರ ಮನೆಯಲ್ಲಿ ಹುಟ್ಟಿದ ಕುರುಡುತನ ಶ್ರೀಮಂತರ ಮನೆಯ ಕುರುಡುತನಕ್ಕಿಂತ ಹೆಚ್ಚು ಕತ್ತಲೆಯದಾಗುವುದು ಹೀಗೆ.

ಬರೆಯುವವಳು ಸಿಕ್ಕರೂ ಕಷ್ಟ ತೀರಲಿಲ್ಲ. ಹಳಗನ್ನಡದ ಪತ್ರಿಕೆಯಲ್ಲಿ ಮಹಾಪ್ರಾಣ ತಪ್ಪಿದರೆ, ಅರ್ಥಶಾಸ್ತ್ರದಲ್ಲಿ ಬೇಡಿಕೆಯ ರೇಖೆ ಮೇಲಕ್ಕೆ ಹೋದರೆ, ಅದು ಯಾರ ತಪ್ಪು? ರೇಖೆ ಎಡದಿಂದ ಬಲಕ್ಕೆ ಇಳಿಯುತ್ತದೆ ಎಂದು ಹೇಳಿದವಳು ಬಲ್ಲಳು. ಎಳೆದವಳು ಅರ್ಥಶಾಸ್ತ್ರವನ್ನೇ ಓದಿಲ್ಲ. ಮೌಲ್ಯಮಾಪಕರು ಮಾತ್ರ ಕೆಂಪು ಶಾಯಿಯಲ್ಲಿ ಅಂಕ ಕಡಿದು ಮುಂದಿನ ಪುಟಕ್ಕೆ ಹೋಗುತ್ತಾರೆ. ರೇಖಾಚಿತ್ರದ ಬದಲು ವಿವರಣೆ ಕೇಳುವ ಪರ್ಯಾಯ ಪ್ರಶ್ನೆಯೊಂದನ್ನು ಮುದ್ರಿಸಲು ಎಷ್ಟು ಕಾಗದ ಬೇಕು?

ಇದು ಪರೀಕ್ಷೆಯ ಮೂರು ಗಂಟೆಗಳ ಮಾತಾಯಿತು. ಅದಕ್ಕೆ ಮುಂಚಿನ ಐದು ತಿಂಗಳ ಓದಿನ ಕಥೆ ಇನ್ನೂ ವಿಚಿತ್ರ. ಇಂದು ಮೊಬೈಲು ಮತ್ತು ಕಂಪ್ಯೂಟರುಗಳಲ್ಲಿ ಬರಹವನ್ನು ಓದಿ ಹೇಳುವ ತಂತ್ರಾಂಶಗಳಿವೆ. ಎನ್‌ವಿಡಿಎ ಎಂಬುದನ್ನು ಆಸ್ಟ್ರೇಲಿಯಾದ ಅಂಧ ತರುಣರು ೨೦೦೬ರಿಂದ ಕಟ್ಟಿ ಬೆಳೆಸಿ ಲೋಕಕ್ಕೆ ಉಚಿತವಾಗಿ ಕೊಟ್ಟಿದ್ದಾರೆ. ಅದು ಕನ್ನಡವನ್ನೂ ಓದುತ್ತದೆ. ಆದರೆ ನಮ್ಮ ಕಾಲೇಜುಗಳಲ್ಲಿ ಟಿಪ್ಪಣಿಗಳನ್ನು ಯೂನಿಕೋಡಿನಲ್ಲಿ ಟೈಪು ಮಾಡದೆ ‘ನುಡಿ’ಯ ಹಳೆಯ ಅಕ್ಷರಗಳಲ್ಲಿ ಟೈಪು ಮಾಡುತ್ತಾರೆ. ಕಣ್ಣಿಗೆ ಅದು ಚೆಂದದ ಕನ್ನಡ. ಕಂಪ್ಯೂಟರಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೊಂದಲ. ಪುಸ್ತಕದ ಪುಟಗಳ ಫೋಟೋ ತೆಗೆದು ವಾಟ್ಸಾಪಿಗೆ ಕಳಿಸುವುದಂತೂ ಅಂಧರ ಪಾಲಿಗೆ ಖಾಲಿ ಕಾಗದ ಕೊಟ್ಟಂತೆ. ‘ನೋಟ್ಸ್ ಕೊಟ್ಟಿದ್ದೇವಲ್ಲ’ ಎಂದು ಪ್ರಾಧ್ಯಾಪಕರು ಹೇಳುತ್ತಾರೆ. ಕೊಟ್ಟದ್ದು ನಿಜ, ತಲುಪಿದ್ದು ಸುಳ್ಳು.

ಇಂಥ ತೊಡಕು ಹೊಸದಲ್ಲ. ಅಮೆರಿಕದ ಹೆಲೆನ್ ಕೆಲ್ಲರ್ ೧೮೯೯ರಲ್ಲಿ ರ‍್ಯಾಡ್‌ಕ್ಲಿಫ್ ಕಾಲೇಜಿನ ಪ್ರವೇಶ ಪರೀಕ್ಷೆಗೆ ಕುಳಿತಾಗ ಬೀಜಗಣಿತದ ಪತ್ರಿಕೆಯನ್ನು ಬ್ರೈಲ್ ಲಿಪಿಯಲ್ಲೇ ಕೊಟ್ಟರು. ಆದರೆ ಆಕೆಗೆ ರೂಢಿಯಿದ್ದ ಬ್ರೈಲಿನ ಗಣಿತ ಚಿಹ್ನೆಗಳು ಒಂದು ಬಗೆ, ಕೊಟ್ಟ ಪತ್ರಿಕೆಯ ಚಿಹ್ನೆಗಳು ಇನ್ನೊಂದು ಬಗೆ. ಆಕೆ ಬೀಜಗಣಿತದೊಡನೆ ಹೋರಾಡುವ ಬದಲು ಚಿಹ್ನೆಗಳೊಡನೆ ಹೋರಾಡಬೇಕಾಯಿತು. ಆದರೂ ಗೆದ್ದು ೧೯೦೪ರಲ್ಲಿ ಪದವೀಧರೆಯಾದಳು. ಹೆಲೆನ್ ಕೆಲ್ಲರಳನ್ನು ಪಠ್ಯದಲ್ಲಿಟ್ಟು ಮಕ್ಕಳಿಗೆ ಪಾಠ ಹೇಳುವ ನಾವು, ನೂರು ವರ್ಷ ಕಳೆದರೂ ಅದೇ ತೊಡಕನ್ನು ನಮ್ಮ ಮಕ್ಕಳೆದುರು ಒಡ್ಡುತ್ತಿದ್ದೇವೆ. ಪುಸ್ತಕಗಳನ್ನು ಅಂಧರಿಗೆ ಓದಲು ಬರುವಂತೆ ಮಾರ್ಪಡಿಸಲು ಕೃತಿಸ್ವಾಮ್ಯ ಅಡ್ಡಬರುತ್ತದೆ ಎಂಬ ನೆವವೂ ಈಗಿಲ್ಲ. ೨೦೧೨ರಲ್ಲಿ ನಮ್ಮ ಕಾಯಿದೆ ತಿದ್ದುಪಡಿಯಾಯಿತು. ಇದೇ ಉದ್ದೇಶದ ಮರ‍್ರಾಕೇಶ್ ಒಪ್ಪಂದವನ್ನು ೨೦೧೪ರಲ್ಲಿ ಲೋಕದಲ್ಲೇ ಮೊದಲು ಸ್ಥಿರೀಕರಿಸಿದ ದೇಶ ಭಾರತ.

ಇದೆಲ್ಲದರ ಫಲವೇನು? ೨೦೧೧ರ ಜನಗಣತಿಯಂತೆ ದೇಶದಲ್ಲಿ ಅಂಗವಿಕಲರು ೨.೬೮ ಕೋಟಿ, ಅಂದರೆ ಜನಸಂಖ್ಯೆಯ ಶೇಕಡ ೨.೨೧, ಕರ್ನಾಟಕದಲ್ಲಿ ೧೩.೨೪ ಲಕ್ಷ. ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆಯಂತೆ ೨೦೨೦-೨೧ರಲ್ಲಿ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿದ್ದ ವಿದ್ಯಾರ್ಥಿಗಳು ಸುಮಾರು ೪.೧೩ ಕೋಟಿ, ಅವರಲ್ಲಿ ಅಂಗವಿಕಲರು ೭೯,೦೩೫. ಹಿಂದಿನ ವರ್ಷದ ಸಂಖ್ಯೆ ೯೨,೮೩೧ ಇತ್ತು. ಶೇಕಡ ಐದು ಸ್ಥಾನಗಳನ್ನು ಕಾಯ್ದಿರಿಸಿದ ದೇಶದಲ್ಲಿ ಸಾವಿರಕ್ಕೆ ಇಬ್ಬರೂ ಇಲ್ಲ! ಬಾಗಿಲು ತೆರೆದಿದೆ ಎಂದು ಫಲಕ ಹಾಕಿ ಮೆಟ್ಟಿಲುಗಳನ್ನು ಕಿತ್ತುಹಾಕಿದರೆ ಹೀಗಲ್ಲದೆ ಇನ್ನು ಹೇಗಾಗುತ್ತದೆ?

ಈಗ ಎದುರು ವಾದಗಳನ್ನು ನೋಡೋಣ. ಶಿಕ್ಷಕರ ಕೊಠಡಿಗಳಲ್ಲಿ ಚಹಾ ಕುಡಿಯುತ್ತ ಇವನ್ನು ನಾನು ಅನೇಕ ಸಲ ಕೇಳಿದ್ದೇನೆ.

ಮೊದಲನೆಯದು, ಉಳಿದ ಮಕ್ಕಳಿಗೆ ಅನ್ಯಾಯವಾಗುತ್ತದೆ ಎಂಬುದು. ಎಣ್ಣೆಯ ಅಂಗಡಿಯ ದೃಷ್ಟಾಂತ ಇದಕ್ಕೆ ಉತ್ತರ. ತಂಬಿಗೆಯ ಭಾರ ಸಮ ಮಾಡಿದ್ದರಿಂದ ಡಬ್ಬಿಯವಳ ಎಣ್ಣೆ ಒಂದು ಹನಿಯೂ ಕಡಿಮೆಯಾಗುವುದಿಲ್ಲ.

ಎರಡನೆಯದು, ಲಿಪಿಕಾರರ ನೆವದಲ್ಲಿ ನಕಲು ನಡೆಯುತ್ತದೆ ಎಂಬುದು. ನಡೆದೀತು. ಕಣ್ಣು, ಕೈ ನೆಟ್ಟಗಿರುವವರು ನಕಲು ಮಾಡುವುದಿಲ್ಲವೇ? ಅದನ್ನು ತಡೆಯಲು ೨೦೨೪ರಲ್ಲಿ ನಮ್ಮ ರಾಜ್ಯ ಎಸ್ಸೆಸ್ಸೆಲ್ಸಿ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿತು. ಪರೀಕ್ಷೆಯನ್ನೇ ರದ್ದು ಮಾಡಲಿಲ್ಲ. ಇಲ್ಲಿಯೂ ವಿಶ್ವವಿದ್ಯಾಲಯವೇ ತನ್ನ ನಂಬಿಕೆಯ ಲಿಪಿಕಾರರನ್ನು ಒದಗಿಸಲಿ, ಒಬ್ಬ ಮೇಲ್ವಿಚಾರಕರನ್ನು ಹತ್ತಿರ ಕೂರಿಸಲಿ. ನಕಲಿನ ಭಯವಿರುವವರೇ ಲಿಪಿಕಾರರನ್ನು ಒದಗಿಸುವ ಹೊಣೆಯನ್ನು ಹೊರಬೇಕಲ್ಲವೇ?

ಮೂರನೆಯದು, ಸುಳ್ಳು ಪ್ರಮಾಣಪತ್ರದ ಮಾತು. ೨೦೨೪ರಲ್ಲಿ ಒಬ್ಬ ತರಬೇತಿ ನಿರತ ಐಎಎಸ್ ಅಧಿಕಾರಿಯ ಮೇಲೆ ಇಂಥ ಆರೋಪ ಬಂದು ಯುಪಿಎಸ್‌ಸಿ ಉಮೇದುವಾರಿಕೆಯನ್ನು ರದ್ದುಪಡಿಸಿದಾಗ, ನಮ್ಮ ವಾಟ್ಸಾಪ್ ಗುಂಪಿನಲ್ಲಿಯೂ ‘ಇವರೆಲ್ಲ ಹೀಗೇ’ ಎಂಬ ಮಾತು ಬಂದಿತು. ಖೊಟ್ಟಿ ನೋಟು ಸಿಕ್ಕಿತೆಂದು ಸಂತೆಯನ್ನೇ ಮುಚ್ಚಿದವರನ್ನು ನಾನು ಕಂಡಿಲ್ಲ. ಒಬ್ಬರ ಮೇಲಿನ ಆರೋಪಕ್ಕೆ ನಮ್ಮ ಹಳ್ಳಿಯ ಹುಡುಗಿಯಿಂದ ದಂಡ ವಸೂಲಿ ಮಾಡುವುದು ಯಾವ ಧರ್ಮ?

ನಾಲ್ಕನೆಯದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಮನಸ್ಸಿನಲ್ಲಿಟ್ಟುಕೊಂಡವರು ಬಹಳ: ‘ಪಾಪ, ಇಂಥವರಿಗೆ ಪದವಿ ಯಾತಕ್ಕೆ? ಪಿಂಚಣಿ ಕೊಟ್ಟರೆ ಸಾಕು.’ ಧಾರವಾಡ ಸೀಮೆಯಲ್ಲಿ ಹುಟ್ಟಿ ಬೆಳೆದವರು ಈ ಮ��ತಾಡಬಾರದು. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಅವರ ಕೈಯಲ್ಲಿ ಸಂಗೀತ ಕಲಿತ ಬಸವರಾಜ ರಾಜಗುರುಗಳು ನಮ್ಮ ಕುಂದಗೋಳ ತಾಲೂಕಿನ ಯಲಿವಾಳದವರು, ಕಣ್ಣಿದ್ದವರು. ಅಂಧ ಗುರು, ಕಣ್ಣುಳ್ಳ ಶಿಷ್ಯ! ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಮುಂದೆ ನಡೆಸಿದ ಪುಟ್ಟರಾಜ ಗವಾಯಿಗಳೂ ಅಂಧರೇ. ಅವರಿಗೆ ೨೦೧೦ರಲ್ಲಿ ಪದ್ಮಭೂಷಣ ಬಂದಿತು. ಆ ಆಶ್ರಮದಲ್ಲಿ ಬಾಯಿಂದ ಕಿವಿಗೆ, ಕೈಯಿಂದ ಕೈಗೆ ವಿದ್ಯೆ ದಾಟುವಂತೆ ಕಲಿಸುವ ಕ್ರಮವಿದ್ದುದರಿಂದ ಕಣ್ಣಿಲ್ಲದಿರುವುದು ಕಲಿಕೆಗೆ ಅಡ್ಡಿಯಾಗಲಿಲ್ಲ. ಅಲ್ಲಿ ಯಾರೂ ಅದನ್ನು ರಿಯಾಯಿತಿ ಎನ್ನಲಿಲ್ಲ. ಯುಜಿಸಿಯ ಅನುದಾನವಿಲ್ಲದ ಒಂದು ಮಠಕ್ಕೆ ಸಾಧ್ಯವಾದದ್ದು ಅಷ್ಟೊಂದು ಅನುದಾನವಿರುವ ವಿದ್ಯಾಲಯಗಳಿಗೆ ಅಸಾಧ್ಯವೇ? ಸಂಗೀತ ಬೇರೆ, ಕಾಲೇಜಿನ ಓದು ಬೇರೆ ಎನ್ನುವವರು, ೨೦೧೬ರ ಯುಪಿಎಸ್‌ಸಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಐಎಎಸ್ ಸೇರಿದ ತುಮಕೂರು ಜಿಲ್ಲೆಯ ಅಂಧ ಅಧ್ಯಾಪಕ ಕೆಂಪಹೊನ್ನಯ್ಯನವರನ್ನು ನೆನೆಯಲಿ.

ಹೊರಗಿನ ಉದಾಹರಣೆಯೂ ಒಂದಿರಲಿ. ಅಮೆರಿಕದ ಎಡ್ ರಾಬರ್ಟ್ಸ್ ಪೋಲಿಯೋದಿಂದ ಕೈಕಾಲುಗಳ ಶಕ್ತಿ ಕಳೆದುಕೊಂಡು, ಉಸಿರಾಟಕ್ಕೂ ಯಂತ್ರವನ್ನು ಅವಲಂಬಿಸಿದ್ದವರು. ಕ್ಯಾಲಿಫೋರ್ನಿಯಾದ ಪುನರ್ವಸತಿ ಇಲಾಖೆ, ಇವರು ಎಂದೂ ಉದ್ಯೋಗ ಮಾಡಲಾರರು ಎಂದು ಹೇಳಿ ಓದಿನ ಖರ್ಚು ಕೊಡಲು ಮೊದಲು ಒಪ್ಪಲಿಲ್ಲ. ಹೋರಾಡಿ ೧೯೬೨ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದರು. ಅವರ ಉಸಿರಿನ ಯಂತ್ರ ಹಿಡಿಸುವ ಕೋಣೆ ವಸತಿಗೃಹದಲ್ಲಿ ಇರಲಿಲ್ಲವಾದ್ದರಿಂದ ಆವರಣದ ಆಸ್ಪತ್ರೆಯಲ್ಲೇ ಅವರಿಗೆ ಕೋಣೆ ಕೊಟ್ಟರು. ೧೯೭೫ರಲ್ಲಿ ಅದೇ ಪುನರ್ವಸತಿ ಇಲಾಖೆಗೆ ಅವರೇ ನಿರ್ದೇಶಕರಾದರು. ಒಂದು ಕೋಣೆಯ ಹೊಂದಾಣಿಕೆಯಿಂದ ಒಬ್ಬ ಮನುಷ್ಯ ಎಷ್ಟು ಎತ್ತರಕ್ಕೆ ಹೋಗಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮಲ್ಲಿ ಇಂಥ ಹೊಂದಾಣಿಕೆಗೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿದೆ. ಉನ್ನತ ಶಿಕ್ಷಣ ಸಂಸ್ಥೆಗಳು ಶೇಕಡ ಐದರ ಮೀಸಲಾತಿಯನ್ನು ಪಾಲಿಸಬೇಕೆಂದು ೨೦೧೭ರ ಡಿಸೆಂಬರ್ ೧೫ರಂದು ನ್ಯಾಯಾಲಯವೇ ಹೇಳಬೇಕಾಯಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಶ್ ಕುಮಾರ್ ಎಂಬ ಅಭ್ಯರ್ಥಿಗೆ ಯುಪಿಎಸ್‌ಸಿ ಲಿಪಿಕಾರರನ್ನು ನಿರಾಕರಿಸಿತ್ತು. ೨೦೨೧ರ ಫೆಬ್ರುವರಿ ೧೧ರಂದು ಸುಪ್ರೀಂ ಕೋರ್ಟು, ಲಿಪಿಕಾರರ ಸೌಲಭ್ಯಕ್ಕೆ ಶೇಕಡ ೪೦ರ ವೈಕಲ್ಯವೇ ಅಳತೆಗೋಲಲ್ಲ ಎಂದು ತೀರ್ಪು ಕೊಟ್ಟಿತು. ಅದೇ ವರ್ಷದ ನೀಟ್ ಪರೀಕ್ಷೆಯಲ್ಲಿ, ಬರವಣಿಗೆಯ ನ್ಯೂನತೆಯಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ಸಲ್ಲಬೇಕಾದ ಒಂದು ಗಂಟೆ ಕೊಡದೆ ಉತ್ತರಪತ್ರಿಕೆ ಕಸಿದುಕೊಂಡರು. ಆಕೆಗೆ ಅನ್ಯಾಯವಾಗಿದೆ ಎಂದು ನ್ಯಾಯಾಲಯ ನವೆಂಬರಿನಲ್ಲಿ ಹೇಳಿತು. ಮರುಪರೀಕ್ಷೆ ಮಾತ್ರ ಸಿಗಲಿಲ್ಲ. ಒಂದು ಗಂಟೆಗಾಗಿ ದೆಹಲಿಯವರೆಗೆ ಹೋಗುವ ಶಕ್ತಿ ಎಷ್ಟು ಮನೆಗಳಿಗಿದೆ? ನಮ್ಮ ಕಡೆಯವರು ಕಲಘಟಗಿಯ ಕೋರ್ಟಿಗೆ ಹೋಗಲೂ ಹೆದರುವವರು.

ಆದುದರಿಂದ ಪರಿಹಾರವು ನ್ಯಾಯಾಲಯಕ್ಕಿಂತ ಮೊದಲೇ, ಕಾಲೇಜಿನ ಕಚೇರಿಯ ಮೇಜಿನ ಮೇಲೆ ಸಿಗಬೇಕು. ಈ ಮಾತುಗಳನ್ನು ನಾನು ಗಾಳಿಗೆ ಹೇಳುತ್ತಿಲ್ಲ. ಇದನ್ನು ಓದುವ ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ಉಪನ್ಯಾಸಕರಾಗಿದ್ದೀರಿ, ಕೆಲವರು ಕಾಲೇಜುಗಳ ಕಚೇರಿ ಅಧೀಕ್ಷಕರು, ಕೆಲವರು ಪ್ರಶ್ನೆಪತ್ರಿಕೆ ತೆಗೆಯುವವರು, ಮೌಲ್ಯಮಾಪನಕ್ಕೆ ಹೋಗುವವರು. ನಿಮ್ಮ ಕೈಯಲ್ಲಿರುವ ಕೆಲಸಗಳನ್ನೇ ಹೇಳುತ್ತೇನೆ.

ಕಚೇರಿಯಲ್ಲಿರುವವರೇ, ಪ್ರವೇಶದ ದಿನವೇ ವಿದ್ಯಾರ್ಥಿಗೆ ಏನು ಬೇಕೆಂದು ಒಮ್ಮೆ ಕೇಳಿ ಬರೆದಿಡಿ. ಅದೇ ಮೂರು ವರ್ಷಕ್ಕೂ ಸಾಕಾಗಲಿ. ಪ್ರತಿ ಸೆಮಿಸ್ಟರಿಗೂ ಹೊಸ ಅರ್ಜಿ, ಹೊಸ ಪ್ರಮಾಣಪತ್ರ ಕೇಳಬೇಡಿ. ಕತ್ತರಿಸಿದ ಕಾಲು ಆರು ತಿಂಗಳಲ್ಲಿ ಚಿಗುರುವುದಿಲ್ಲ. ಲಿಪಿಕಾರರ ಪಟ್ಟಿಯನ್ನು ಕಾಲೇಜೇ ಇಟ್ಟುಕೊಳ್ಳಲಿ, ಅವರಿಗೆ ಸಂಭಾವನೆ ಕೊಡಲಿ, ಪ್ರತಿ ಪರೀಕ್ಷೆಗೂ ಒಬ್ಬರನ್ನು ಹೆಚ್ಚಾಗಿ ಸಿದ್ಧವಿಡಲಿ. ಗಾಲಿಕುರ್ಚಿಯ ವಿದ್ಯಾರ್ಥಿಯ ಹೆಸರಿದ್ದರೆ ಆ ಕೊಠಡಿಯನ್ನು ನೆಲಮಹಡಿಗೆ ಇಳಿಸಿ; ಅದಕ್ಕೆ ಒಂದು ರೂಪಾಯಿಯೂ ತಗಲುವುದಿಲ್ಲ.

ಉಪನ್ಯಾಸಕರೇ, ಟಿಪ್ಪಣಿಗಳನ್ನು ಯೂನಿಕೋಡಿನಲ್ಲಿ ಟೈಪು ಮಾಡಿ. ಕಿವಿ ಕೇಳದ ವಿದ್ಯಾರ್ಥಿ ತರಗತಿಯಲ್ಲಿದ್ದರೆ ಹಲಗೆಯ ಕಡೆ ಮುಖ ಮಾಡಿ ಪಾಠ ಹೇಳಬೇಡಿ; ನಿಮ್ಮ ತುಟಿಗಳೇ ಅವನ ಪಠ್ಯಪುಸ್ತಕ. ಅವನಿಗೆ ಪರೀಕ್ಷೆಯ ಒಂದು ಗಂಟೆಗಿಂತ ಮುಂಚಿತವಾಗಿ ಸಿಕ್ಕ ನಾಲ್ಕು ಪುಟದ ಬರಹವೇ ಹೆಚ್ಚು ಉಪಯೋಗ. ಮೌಲ್ಯಮಾಪಕರೇ, ಲಿಪಿಕಾರರ ಕಾಗುಣಿತಕ್ಕೆ ವಿದ್ಯಾರ್ಥಿಯ ಅಂಕ ಕಡಿಯಬೇಡಿ. ಪ್ರಶ್ನೆಪತ್ರಿಕೆ ತೆಗೆಯುವವರೇ, ಚಿತ್ರದ ಪ್ರಶ್ನೆಗೆ ಪರ್ಯಾಯವೊಂದನ್ನು ಬರೆಯುವುದು ಹತ್ತು ನಿಮಿಷದ ಕೆಲಸ.

ಮನೆಯಲ್ಲಿ ಇಂಥ ಮಕ್ಕಳಿರುವ ಬಂಧುಗಳಿಗೆ ಒಂದು ಮಾತು. ಕೈಮುಗಿದು ‘ಉಪಕಾರ ಮಾಡ್ರಿ ಸಾಹೇಬ್ರ’ ಎನ್ನುವುದನ್ನು ಬಿಡಿ. ಬೇಕಾದುದನ್ನು ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ನಿರಾಕರಿಸಿದರೆ ಅದನ್ನೂ ಬರವಣಿಗೆಯಲ್ಲೇ ಕೇಳಿ. ಇಂಥ ದೂರು ಕೇಳಲು ಕಾಯಿದೆಯಂತೆ ರಾಜ್ಯ ಆಯುಕ್ತರಿದ್ದಾರೆ. ‘ಬರೆದು ಕೊಡ್ರಿ’ ಎಂಬ ಮಾತಿಗೆ ಎಂಥ ಕಚೇರಿಯೂ ಸ್ವಲ್ಪ ಬಾಗುತ್ತದೆ ಎಂಬುದು ನನ್ನ ಅನುಭವ.

ಮತ್ತು ನೀವೆಲ್ಲರೂ, ನಿಮ್ಮ ಕೈಯಿಂದ ಮುಂದಿನ ಸುತ್ತೋಲೆ ಹೊರಡುವಾಗ ‘ರಿಯಾಯಿತಿ’ ಎಂಬ ಶಬ್ದವನ್ನು ಹೊಡೆದುಹಾಕಿ ಅಲ್ಲಿ ‘ಹಕ್ಕು’ ಎಂದು ಬರೆಯಿರಿ. ಎರಡೇ ಅಕ್ಷರ. ಕನ್ನಡದ ಮಾಸ್ತರನೊಬ್ಬ ತನ್ನ ವಿದ್ಯಾರ್ಥಿಗಳಿಗೆ ಕೊಡುವ ಕೊನೆಯ ತಿದ್ದುಪಡಿ ಇದು ಎಂದು ತಿಳಿಯಿರಿ.